ಕಾರ್ಬೆಟ್ ಕಟ್ಟಿದ ಗೋಡೆ

ನಮ್ಮಲ್ಲಿ ಬಹಳಷ್ಟು ಜನಕ್ಕೆ ಜಿಮ್ ಕಾರ್ಬೆಟ್ ಪರಿಚಯ ಆಗಿದ್ದು ಪೂರ್ಣಚಂದ್ರ ತೇಜಸ್ವಿಯವರ ಮೂಲಕ. ಹೈಸ್ಕೂಲಿನ ಲೈಬ್ರರಿಯಲ್ಲಿ ಅಟ್ಟೆ ಹರಿದು ಹೋದ ರುದ್ರಪ್ರಯಾಗದ ಪುಸ್ತಕ ಓದಿ, ಅವತ್ತು ರಾತ್ರಿ ಹಿತ್ತಲಿಗೆ ಹೋಗೋಕೆ ಹೆದರಿದವರು ನಮ್ಮ ಕನ್ನಡ ಸಂಘದಲ್ಲೇ ನಾಲ್ಕೈದು ಜನ ಇದ್ದಾರೆ. ಕಾರ್ಬೆಟ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಹ್ಯಾಟು, ರೈಫಲ್ಲು, ಕಾಲ ಬುಡದಲ್ಲಿ ಸತ್ತು ಮಲಗಿರೋ ಹುಲಿ. ಆದರೆ ಈ ಸಂಚಿಕೆಗೆ ಅಂತ ಅವರ ಬದುಕನ್ನ ಮತ್ತೊಮ್ಮೆ ಓದುತ್ತಾ ಹೋದಾಗ ನಮ್ಮನ್ನ ಹಿಡಿದು ನಿಲ್ಲಿಸಿದ್ದು ರೈಫಲ್ ಅಲ್ಲ, ಒಂದು ಕಲ್ಲಿನ ಗೋಡೆ. ಇಂಜಿನಿಯರಿಂಗ್ ಓದ್ತಿರೋ ನಮಗೆ ಆ ಗೋಡೆಯ ಕತೆ ಗೊತ್ತಿರಬೇಕು ಅನ್ನಿಸಿತು. ಇವತ್ತು ಕೊಡಗಿನಲ್ಲಿ, ಸಕಲೇಶಪುರದಲ್ಲಿ, ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಆನೆ, ಹುಲಿ, ಚಿರತೆ, ಹಂದಿಗಳ ಜೊತೆ ನಮ್ಮ ಜನ ಪಡ್ತಿರೋ ಪಾಡು ನೋಡಿದರೆ ಆ ಕತೆ ಹಳೆಯದಾಗಿಲ್ಲ ಅಂತ ನಿಮಗೂ ಅನ್ನಿಸಬಹುದು.

ಪೋಸ್ಟ್ ಮಾಸ್ಟರ್ ಮಗ

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ ಹುಟ್ಟಿದ್ದು 1875ರ ಜುಲೈ 25ರಂದು, ಹಿಮಾಲಯದ ತಪ್ಪಲಿನ ನೈನಿತಾಲ್‌ನಲ್ಲಿ. ಈಗ ಅದು ಉತ್ತರಾಖಂಡ ರಾಜ್ಯಕ್ಕೆ ಸೇರಿದೆ. ತಂದೆ ಕ್ರಿಸ್ಟೋಫರ್ ವಿಲಿಯಂ ಕಾರ್ಬೆಟ್ ಆ ಊರಿನ ಪೋಸ್ಟ್ ಮಾಸ್ಟರ್. ತಾಯಿ ಮೇರಿ ಜೇನ್. ಮನೆ ತುಂಬ ಮಕ್ಕಳು. ಹೆಸರಿಗೆ ಆಳುವ ಬಿಳಿಯರ ಕುಲದವರಾದರೂ ಇವರದ್ದು ದೊಡ್ಡ ಸಾಹೇಬರ ಸಂಸಾರ ಆಗಿರಲಿಲ್ಲ. ಇಂಗ್ಲೆಂಡಿಗೆ ಹೋಗಿ ಓದಿ ಬರುವಷ್ಟು ದುಡ್ಡೂ ಇರಲಿಲ್ಲ, ಅಧಿಕಾರಿಗಳ ಕ್ಲಬ್ಬಿನಲ್ಲಿ ಸರಿಸಮನಾಗಿ ಕೂರುವಂಥ ಅಂತಸ್ತೂ ಇರಲಿಲ್ಲ. ಜಿಮ್‌ಗೆ ಆರು ವರ್ಷ ತುಂಬುವ ಮೊದಲೇ, 1881ರಲ್ಲಿ, ತಂದೆ ತೀರಿಕೊಂಡರು. ಸಂಸಾರದ ಭಾರವೆಲ್ಲಾ ತಾಯಿಯ ಮೇಲೆ, ಆಮೇಲೆ ದೊಡ್ಡಣ್ಣ ಟಾಮ್ ಮೇಲೆ ಬಿತ್ತು.

ಬೇಸಿಗೆಯಲ್ಲಿ ನೈನಿತಾಲ್, ಚಳಿಗಾಲದಲ್ಲಿ ಬೆಟ್ಟದ ಬುಡದ ಕಾಲಾಢುಂಗಿ. ಹೀಗೆ ಎರಡೂರಿನ ಬದುಕು. ಕಾಲಾಢುಂಗಿಯ ಮನೆಯ ಬಾಗಿಲು ತೆಗೆದರೆ ಕಾಡು. ಕೈಯಲ್ಲಿ ಮೊದಲು ಕ್ಯಾಟರ್ ಬಿಲ್ಲು, ಆಮೇಲೆ ಬಾಣ, ಅದಾದ ಮೇಲೆ ಒಂದು ನಳಿಗೆ ಒಡೆದುಹೋಗಿದ್ದ ಹಳೇ ಕೇಪಿನ ಕೋವಿ. ಕಾಡಿನ ಪಾಠ ಹೇಳಿಕೊಟ್ಟವರಲ್ಲಿ ಅಣ್ಣ ಟಾಮ್ ಒಬ್ಬ, ಕುಂವರ್ ಸಿಂಗ್ ಅನ್ನೋ ಹಳ್ಳಿಯ ಕಳ್ಳಬೇಟೆಗಾರ ಇನ್ನೊಬ್ಬ. ಯಾವ ಹಕ್ಕಿ ಯಾಕೆ ಕೂಗ್ತು, ಕೋತಿಗಳ ಗಲಾಟೆ ಯಾರನ್ನ ಕಂಡು, ಮಣ್ಣಿನ ಮೇಲಿನ ಹೆಜ್ಜೆ ಎಷ್ಟು ಹೊತ್ತಿನದ್ದು, ಇದೆಲ್ಲ ಹುಡುಗನಿಗೆ ಹತ್ತು ವರ್ಷಕ್ಕೆಲ್ಲ ಬಾಯಿಪಾಠ. ಕುಮಾವೂನಿನ ಜನರ ಭಾಷೆ ಅವರ ಮನೆಮಾತಿನಷ್ಟೇ ಸಲೀಸಾಗಿ ಬರ್ತಿತ್ತು. ಮುಂದೆ ಅವರ ಕೆಲಸಕ್ಕೆ ರೈಫಲ್ಲಿಗಿಂತ ಹೆಚ್ಚು ನೆರವಾದದ್ದು ಈ ಭಾಷೆಯೇ ಅಂತ ನಮಗನ್ನಿಸುತ್ತೆ. ಯಾಕೆ ಅಂತ ಮುಂದೆ ಹೇಳ್ತೀವಿ.

ಹುಡುಗನಿಗೆ ಇಂಜಿನಿಯರ್ ಆಗಬೇಕು ಅನ್ನೋ ಆಸೆ ಇತ್ತಂತೆ. ಆದರೆ ಓದಿಸೋಕೆ ಮನೆಯಲ್ಲಿ ಅನುಕೂಲ ಇರಲಿಲ್ಲ. ಶಾಲೆ ಮುಗಿಸಿ, ಇನ್ನೂ ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲೇ ಕೆಲಸ ಹುಡುಕಿಕೊಂಡು ಬಯಲುಸೀಮೆಗೆ ಇಳಿದರು.

ಮರ ಕಡಿಸಿದ ಕೈ

ಸಿಕ್ಕ ಕೆಲಸ ಬೆಂಗಾಲ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯಲ್ಲಿ ಫ್ಯೂಯಲ್ ಇನ್ಸ್‌ಪೆಕ್ಟರ್. ತಿಂಗಳಿಗೆ 100 ರೂಪಾಯಿ ಸಂಬಳ. ಹೆಸರು ಕೇಳೋಕೆ ಚೆನ್ನಾಗಿದೆ, ಕೆಲಸ ಮಾತ್ರ ಕಾಡು ಕಡಿಸೋದು. ಆಗ ರೈಲು ಎಂಜಿನ್ನುಗಳು ಸೌದೆಯಲ್ಲಿ ಓಡ್ತಿದ್ದವು. ಒಟ್ಟು 5 ಲಕ್ಷ ಘನ ಅಡಿ ಮರವನ್ನ ಕಡಿಸಿ, ಮೂರು ಮೂರು ಅಡಿಯ ತುಂಡು ಮಾಡಿಸಿ, ಎತ್ತಿನ ಗಾಡಿಯಲ್ಲಿ ರೈಲ್ವೆ ಲೈನಿಗೆ ಸಾಗಿಸಬೇಕು. ಕಾಡಿನಲ್ಲೇ ಟೆಂಟು ಹಾಕಿಕೊಂಡು ಆ ಕೆಲಸ ಮುಗಿಸಿದರು.

ಈ ಸಂಗತಿಯನ್ನ ನಾವು ಬೇಕಂತಲೇ ಇಲ್ಲಿ ಹೇಳ್ತಿದ್ದೇವೆ. ಮುಂದೆ ಕಾಡು ಉಳಿಸಿ ಅಂತ ಊರೂರು ತಿರುಗಿ ಹೇಳಿದ ಮನುಷ್ಯನ ಮೊದಲ ಸಂಬಳ ಬಂದಿದ್ದು ಕಾಡು ಕಡಿದದ್ದಕ್ಕೆ. ಅದನ್ನ ಅವರು ಮುಚ್ಚಿಡಲಿಲ್ಲ. ಹುಲಿ ಊರಿಗೆ ಯಾಕೆ ಬರುತ್ತೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಈ ಸೌದೆ ಲೆಕ್ಕದಲ್ಲೇ ಇದೆಯಲ್ಲ!

ಅಲ್ಲಿಂದ ಬಿಹಾರದ ಮೊಕಾಮೆ ಘಾಟ್. ಗಂಗಾನದಿಯ ಈಚೆ ದಡಕ್ಕೆ ಬರೋ ರೈಲು ಬ್ರಾಡ್ ಗೇಜ್, ಆಚೆ ದಡದ್ದು ಮೀಟರ್ ಗೇಜ್. ನಡುವೆ ಸೇತುವೆ ಇಲ್ಲ. ಈ ಕಡೆಯ ವ್ಯಾಗನ್ನಿನ ಸರಕು ಇಳಿಸಿ, ನದಿ ದಾಟಿಸಿ, ಆ ಕಡೆಯ ವ್ಯಾಗನ್ನಿಗೆ ತುಂಬಬೇಕು. ವರ್ಷಕ್ಕೆ ಲಕ್ಷಗಟ್ಟಲೆ ಟನ್ ಸರಕು, ಎಲ್ಲಾ ತಲೆಹೊರೆ. ಇಪ್ಪತ್ತರ ಆಸುಪಾಸಿನ ಹುಡುಗ ಕಾರ್ಬೆಟ್ ಈ ಕಂಟ್ರಾಕ್ಟು ಹಿಡಿದು 21 ವರ್ಷ ಅಲ್ಲೇ ದುಡಿದರು. ಮೊದಲ ತಿಂಗಳುಗಳಲ್ಲಿ ಕಂಪನಿಯಿಂದ ದುಡ್ಡು ಬರದೆ ಕೂಲಿಯವರೂ ಇವರೂ ಒಂದೊತ್ತಿನ ಊಟದಲ್ಲಿ ದಿನ ದೂಡಿದ್ದುಂಟು. ಸ್ಟೇಷನ್ ಮಾಸ್ಟರ್ ರಾಮ್ ಶರಣ್ ಜೊತೆ ಸೇರಿ ಕೂಲಿಯವರ ಮಕ್ಕಳಿಗೆ ಅಂತ ಶಾಲೆ ತೆಗೆದರು. ಚಮಾರಿ ಅನ್ನೋ ಕೂಲಿಯಾಳು ಇವರ ಬಲಗೈ ಆಗಿದ್ದ. ಜಾತಿಯಲ್ಲಿ ಎಲ್ಲರಿಗಿಂತ ಕೆಳಗೆ ಅಂತ ಊರು ಎಣಿಸಿದ್ದ ಆ ಮನುಷ್ಯನನ್ನ ಮೇಸ್ತ್ರಿ ಮಾಡಿದ್ದು ಕಾರ್ಬೆಟ್. ಕಾಲರಾ ಬಡಿದು ಚಮಾರಿ ಸತ್ತಾಗ ಪಕ್ಕದಲ್ಲಿ ಕೂತವರೂ ಅವರೇ.

ಚಂಪಾವತ್: ಎರಡು ಷರತ್ತು

1907. ರಜೆಗೆ ಊರಿಗೆ ಬಂದಾಗ ನೈನಿತಾಲ್‌ನ ಡೆಪ್ಯುಟಿ ಕಮಿಷನರ್ ಒಂದು ಕೆಲಸ ಒಪ್ಪಿಸಿದರು. ಚಂಪಾವತ್ ಕಡೆ ಒಂದು ಹೆಣ್ಣು ಹುಲಿ ಜನರನ್ನ ತಿನ್ನುತ್ತಿದೆ. ನೇಪಾಳದಲ್ಲಿ 200 ಜನರನ್ನ ಕೊಂದು, ಅಲ್ಲಿಂದ ಅಟ್ಟಿಸಿಕೊಂಡು ಗಡಿ ದಾಟಿ ಬಂದು, ಕುಮಾವೂನಿನಲ್ಲಿ ನಾಲ್ಕು ವರ್ಷದಲ್ಲಿ ಇನ್ನೂ 234 ಜನರನ್ನ ಕೊಂದಿತ್ತು. ಕೊನೆಗೆ ಲೆಕ್ಕ ನಿಂತಿದ್ದು 436ಕ್ಕೆ.

ಕಾರ್ಬೆಟ್ ಒಪ್ಪಿಕೊಂಡರು, ಆದರೆ ಎರಡು ಷರತ್ತು ಹಾಕಿದರು. ಒಂದು, ಹುಲಿಯ ತಲೆಗೆ ಕಟ್ಟಿದ ಬಹುಮಾನ ವಾಪಸ್ ತಗೋಬೇಕು. ಎರಡು, ಕಾಡಲ್ಲಿ ತಿರುಗ್ತಿರೋ ಉಳಿದ ಶಿಕಾರಿಗಳನ್ನೆಲ್ಲ ವಾಪಸ್ ಕರೆಸಬೇಕು. ಇದರಲ್ಲಿ ಬಹುಮಾನ ಬೇಡ ಅನ್ನೋ ದೊಡ್ಡಸ್ತಿಕೆ ಮಾತ್ರ ಇದೆ ಅಂದುಕೊಳ್ಳಬೇಡಿ. ಬಹುಮಾನ ಇದ್ದಲ್ಲಿ ಕಂಡ ಹುಲಿಗೆಲ್ಲ ಗುಂಡು ಬೀಳುತ್ತೆ. ಸಾಯದೆ ಗಾಯಗೊಂಡು ಓಡಿಹೋದ ಹುಲಿ ನಾಳೆ ಇನ್ನೊಂದು ನರಭಕ್ಷಕ ಆಗುತ್ತೆ. ಹತ್ತು ಕೋವಿ ಓಡಾಡೋ ಕಾಡಿನಲ್ಲಿ ಒಬ್ಬ ಇನ್ನೊಬ್ಬನ ಗುಂಡಿಗೆ ಬಲಿ ಆಗೋ ಅಪಾಯವೂ ಇರುತ್ತೆ. ಸಮಸ್ಯೆ ಬಗೆಹರಿಸೋಕೆ ಹೋಗಿ ಹೊಸ ಸಮಸ್ಯೆ ಹುಟ್ಟಿಸಬಾರದು ಅನ್ನೋ ಲೆಕ್ಕ ಅದು.

ಪಾಲಿ ಅನ್ನೋ ಹಳ್ಳಿಗೆ ಹೋದರೆ ಐದು ದಿನದಿಂದ ಮನೆಗಳ ಬಾಗಿಲೇ ತೆಗೆದಿರಲಿಲ್ಲ. ಜನ ಹೊಲಕ್ಕೆ ಹೋಗಿಲ್ಲ, ದನ ಬಿಟ್ಟಿಲ್ಲ, ನೀರಿಗೂ ಹೋಗೋಕೆ ಭಯ. ಒಂದು ಹುಲಿ ಒಂದು ಊರಿನ ಬದುಕನ್ನ ಹೇಗೆ ನಿಲ್ಲಿಸಿಬಿಡುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕಾರ್ಬೆಟ್ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಜನರ ಜೊತೆ ಕೂತು ಅವರ ಭಾಷೆಯಲ್ಲೇ ಮಾತಾಡಿದ್ದು. ಕೊಯ್ಲಿಗೆ ಬಂದ ಪೈರನ್ನ ಅವರು ಕೊಯ್ಯುವಾಗ ರೈಫಲ್ ಹಿಡಿದು ಕಾವಲು ನಿಂತದ್ದು. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡ್ತಿದ್ದಾಗ ಸತ್ತರು ಅನ್ನೋದನ್ನ ಹಳ್ಳಿಯವರಿಂದ ಒಂದೊಂದಾಗಿ ಕೇಳಿ ತಿಳಿದುಕೊಂಡದ್ದು. ಇವತ್ತು ನಾವು ಡೇಟಾ ಕಲೆಕ್ಷನ್ ಅಂತೀವಲ್ಲ, ಅದನ್ನ ಅವರು ಜಗಲಿ ಮೇಲೆ ಕೂತು ಮಾಡಿದರು. ಆ ಭಾಷೆ ಬರದೇ ಇದ್ದಿದ್ದರೆ ಎಂಥ ರೈಫಲ್ ಇದ್ದರೂ ಉಪಯೋಗ ಇರಲಿಲ್ಲ.

ಚಂಪಾವತ್‌ನಲ್ಲಿ ಹದಿನಾರು ಹದಿನೇಳು ವರ್ಷದ ಹುಡುಗಿಯೊಬ್ಬಳು ಆ ಹುಲಿಯ ಕೊನೆಯ ಬಲಿ ಆದಳು. ಮಾರನೇ ದಿನ ಅಲ್ಲಿನ ತಹಶೀಲ್ದಾರರು 298 ಜನರನ್ನ ಸೇರಿಸಿದರು. ಅಷ್ಟೂ ಜನ ಡೋಲು, ತಗಡು, ಹಳೇ ಕೋವಿ ಹಿಡಿದು ಸದ್ದು ಮಾಡುತ್ತಾ ಗುಡ್ಡದ ಮೇಲಿನಿಂದ ಕಾಡು ಸೋವಿದರು. ಹುಲಿ ಹೊರಬಿತ್ತು. ಕಾರ್ಬೆಟ್‌ರ ಗುಂಡು ಖಾಲಿ ಆಗಿ, ಕೊನೆಯ ಗುಂಡು ಹೊಡೆದದ್ದು ತಹಶೀಲ್ದಾರರ ಕೋವಿ ಇಸಿದುಕೊಂಡು.

ಸತ್ತ ಹುಲಿಯ ಬಾಯಿ ತೆರೆದು ನೋಡಿದರೆ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು. ಮೇಲಿನದ್ದು ಅರ್ಧಕ್ಕೆ, ಕೆಳಗಿನದ್ದು ಬುಡಕ್ಕೆ. ಎಂದೋ ಯಾವನೋ ಹೊಡೆದ ಗುಂಡಿನ ಗುರುತು ಅದು. ಜಿಂಕೆ, ಕಡವೆ ಹಿಡಿಯೋಕೆ ಆಗದ ಹುಲಿ ಓಡಲಾರದ ಪ್ರಾಣಿಯ ಕಡೆ ತಿರುಗಿತ್ತು. ಒಬ್ಬ ಬೇಟೆಗಾರನ ಗುರಿ ತಪ್ಪಿದ ಗುಂಡಿಗೆ 436 ಜನ ಬೆಲೆ ತೆತ್ತರು.

ಸತ್ತ ಮೇಲಿನ ಪರೀಕ್ಷೆ

ನಮ್ಮ ಲ್ಯಾಬಿನಲ್ಲಿ ಯಂತ್ರ ಕೆಟ್ಟರೆ ರೂಟ್ ಕಾಸ್ ಅನಾಲಿಸಿಸ್ ಮಾಡಿ ಅಂತಾರೆ. ಕೆಟ್ಟ ಪಾರ್ಟ್ ಬದಲಾಯಿಸಿದರೆ ಸಾಲದು, ಯಾಕೆ ಕೆಟ್ಟಿತು ಅಂತ ಬರೆಯಬೇಕು. ಕಾರ್ಬೆಟ್ ಪ್ರತಿ ನರಭಕ್ಷಕದ ವಿಷಯದಲ್ಲೂ ಅದನ್ನೇ ಮಾಡಿದರು. ಹಲ್ಲು, ಉಗುರು, ಪಾದ, ಹಳೇ ಗಾಯ ಎಲ್ಲವನ್ನೂ ತಿರುವಿ ನೋಡಿ ಬರೆದಿಟ್ಟರು.

ಮುಕ್ತೇಸರದ ಹೆಣ್ಣು ಹುಲಿ ಮುಳ್ಳುಹಂದಿಯ ಜೊತೆ ಸೆಣಸಿ ಒಂದು ಕಣ್ಣು ಕಳೆದುಕೊಂಡಿತ್ತು. ಮುಂಗಾಲಿಗೆ ಐವತ್ತರಷ್ಟು ಮುಳ್ಳು ಹೊಕ್ಕು ಕೀವು ತುಂಬಿತ್ತು. ಹಸಿದು, ನೋವಿನಿಂದ ಪೊದೆಯಲ್ಲಿ ಮಲಗಿದ್ದಾಗ ಹುಲ್ಲು ಕೊಯ್ಯೋಕೆ ಬಂದ ಹೆಂಗಸು ತಿಳಿಯದೆ ಅದರ ಹತ್ತಿರಕ್ಕೇ ಬಂದುಬಿಟ್ಟಳು. ಅವಳೇ ಮೊದಲ ಬಲಿ. ಮುಂದೆ ಅದು ಕೊಂದವರು 24 ಜನ. ಚೌಗಢದ ಹೆಣ್ಣು ಹುಲಿ 1930ರವರೆಗಿನ ಐದು ವರ್ಷದ ಅವಧಿಯಲ್ಲಿ 64 ಜನರನ್ನ ಕೊಂದಿತ್ತು. ಅದರ ಉಗುರು ಮುರಿದಿತ್ತು, ಹಲ್ಲು ಸವೆದಿತ್ತು.

ಹುಲಿಗಳ ಕಾರಣ ಗಾಯ, ಮುಪ್ಪು. ಚಿರತೆಗಳ ಕಾರಣ ಬೇರೆ ಅನ್ನೋದು ಅವರ ತಿಳುವಳಿಕೆ. ಕಾಲರಾ, ಇನ್‌ಫ್ಲುಯೆಂಜಾದಂಥ ರೋಗ ಬಂದು ಹಳ್ಳಿಯಲ್ಲಿ ಸಾಲುಸಾಲಾಗಿ ಜನ ಸತ್ತಾಗ ಸುಡೋಕೆ ಸೌದೆಯಿಲ್ಲ, ಹೊರೋಕೆ ಜನರಿಲ್ಲ. ಸತ್ತವರ ಬಾಯಿಗೆ ಒಂದು ಕೆಂಡ ಇಟ್ಟು ಶಾಸ್ತ್ರ ಮುಗಿಸಿ ಕಣಿವೆಗೆ ತಳ್ಳುತ್ತಿದ್ದರು. ಚಿರತೆ ಹೆಣ ತಿನ್ನುವ ಪ್ರಾಣಿ. ರೋಗ ನಿಂತು ಹೆಣ ಸಿಗೋದು ನಿಂತ ಮೇಲೆ ಅದೇ ರುಚಿ ಹುಡುಕಿಕೊಂಡು ಮನೆ ಬಾಗಿಲಿಗೆ ಬರುತ್ತಿತ್ತು. 1910ರಲ್ಲಿ ಕಾರ್ಬೆಟ್ ಕೊಂದ ಪನಾರ್ ಚಿರತೆ 400 ಜನರನ್ನ ತಿಂದಿತ್ತು. ಅಂದರೆ ಊರಿನ ಆರೋಗ್ಯ ವ್ಯವಸ್ಥೆ ಕುಸಿದಿದ್ದರ ಲೆಕ್ಕವೂ ಚಿರತೆಯ ತಲೆಗೇ ಬಿದ್ದಿತ್ತು.

ತೂಗುಸೇತುವೆಯ ಮೇಲೆ ಇಪ್ಪತ್ತು ರಾತ್ರಿ

ಮೊದಲ ಮಹಾಯುದ್ಧ ಬಂತು. 1917ರಲ್ಲಿ ಕಾರ್ಬೆಟ್ 500 ಕುಮಾವೂನಿ ಆಳುಗಳನ್ನ ಕರೆದುಕೊಂಡು ಫ್ರಾನ್ಸಿಗೆ ಹೋಗಿ ಬಂದರು. ವಾಪಸ್ ಬಂದಮೇಲೆ ರೈಲ್ವೆ ಕಂಟ್ರಾಕ್ಟು ಬಿಟ್ಟು, ನೈನಿತಾಲ್‌ನಲ್ಲಿ ವ್ಯವಹಾರ, ಮುನಿಸಿಪಾಲಿಟಿ ಕೆಲಸ, ಕಾಲಾಢುಂಗಿಯ ಬೇಸಾಯ ಅಂತ ನೆಲೆಯಾದರು. ಮದುವೆ ಆಗಲಿಲ್ಲ. ಅಕ್ಕ ಮ್ಯಾಗಿಯೇ ಕೊನೆಯವರೆಗೆ ಜೊತೆ.

ಅತ್ತ ಗಢವಾಲ್‌ನಲ್ಲಿ 1918ರ ಇನ್‌ಫ್ಲುಯೆಂಜಾದ ಬೆನ್ನಿಗೇ ಒಂದು ಚಿರತೆ ಶುರು ಮಾಡಿತ್ತು. ಕೇದಾರನಾಥ, ಬದರೀನಾಥಕ್ಕೆ ಯಾತ್ರಿಕರು ನಡೆದುಹೋಗುವ ದಾರಿಯೇ ಅದರ ಸೀಮೆ. ಸರಕಾರಿ ಲೆಕ್ಕದಲ್ಲಿ ಎಂಟು ವರ್ಷಕ್ಕೆ 125 ಜನ. ಪನಾರ್ ಚಿರತೆಯ ಲೆಕ್ಕಕ್ಕೆ ಹೋಲಿಸಿದರೆ ಕಡಿಮೆ, ಆದರೆ ಯಾತ್ರಿಕರು ದೇಶದ ಮೂಲೆಮೂಲೆಯವರಾಗಿದ್ದರಿಂದ ಸುದ್ದಿ ಎಲ್ಲೆಲ್ಲೂ ಹಬ್ಬಿತು. ಸುಮಾರು 500 ಚದರ ಮೈಲಿ ಪ್ರದೇಶದಲ್ಲಿ ಕತ್ತಲಾದ ಮೇಲೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಸರಕಾರ 10,000 ರೂಪಾಯಿ ಬಹುಮಾನ, ಎರಡು ಹಳ್ಳಿ ಇನಾಮು ಅಂತ ಸಾರಿತು. ವಿಷ ಇಟ್ಟರು, ಕಾಲು ಕಚ್ಚುವ ಕಬ್ಬಿಣದ ಬೋನು ಒಡ್ಡಿದರು, ಶಿಕಾರಿಗಳನ್ನ ಕಳಿಸಿದರು. ಯಾವುದಕ್ಕೂ ಚಿರತೆ ಜಗ್ಗಲಿಲ್ಲ.

1925ರಲ್ಲಿ ಕಾರ್ಬೆಟ್ ರುದ್ರಪ್ರಯಾಗಕ್ಕೆ ಬಂದು ಮೊದಲು ನಕ್ಷೆ ಹರಡಿಕೊಂಡು ಕೂತರು. ಕೊಲೆಗಳು ಅಲಕನಂದಾ ನದಿಯ ಎರಡೂ ದಡದಲ್ಲಿ ಆಗಿವೆ. ಹಾಗಾದರೆ ಚಿರತೆ ನದಿ ದಾಟುತ್ತಿದೆ. ಹಿಮದ ನೀರಿನ ಆ ರಭಸದಲ್ಲಿ ಈಜೋಕೆ ಆಗಲ್ಲ. ಅಂದಮೇಲೆ ತೂಗುಸೇತುವೆ ಮೇಲೇ ದಾಟುತ್ತಿರಬೇಕು. ಅದನ್ನ ಒಂದು ದಡದಲ್ಲಿ ಕೂಡಿಹಾಕಿದರೆ ಹುಡುಕಬೇಕಾದ ಪ್ರದೇಶ ಅರ್ಧ ಆಗುತ್ತೆ. ಎಷ್ಟು ಸರಳವಾದ ಲಾಜಿಕ್ ನೋಡಿ! ರುದ್ರಪ್ರಯಾಗದ ತೂಗುಸೇತುವೆಯ ಗೋಪುರದ ಮೇಲೆ, ಕೊರೆಯುವ ಗಾಳಿಯಲ್ಲಿ, ಇಪ್ಪತ್ತು ರಾತ್ರಿ ಕೂತರು. ಇಪ್ಪತ್ತು ರಾತ್ರಿಯಲ್ಲಿ ಆ ಸೇತುವೆ ದಾಟಿದ ಪ್ರಾಣಿ ಒಂದೇ ಒಂದು ನರಿ. ಸೇತುವೆಯ ಬಾಯಿಗೆ ಮುಳ್ಳುಕಂಟಿ ತುಂಬಿಸಿ ದಾರಿ ಮುಚ್ಚಿಸಿದ್ದೂ ಉಂಟು. ಆ ಸಲ ಚಿರತೆ ಸಿಗಲಿಲ್ಲ. ವಾಪಸ್ ಹೋಗಬೇಕಾಯಿತು.

ಮತ್ತೆ 1926ರಲ್ಲಿ ಬಂದರು. ಗೋಲಾಬ್ರಾಯ್ ಅನ್ನೋ ಕಡೆ ಯಾತ್ರಿಕರ ದಾರಿಯ ಪಕ್ಕದ ಮಾವಿನ ಮರ ಹತ್ತಿ, ದಾರಿಯಲ್ಲಿ ಕೊರಳಿಗೆ ಗಂಟೆ ಕಟ್ಟಿದ ಮೇಕೆಯೊಂದನ್ನ ಬಿಟ್ಟು, ಹತ್ತು ರಾತ್ರಿ ಕಾದರೂ ಏನೂ ಆಗಲಿಲ್ಲ. ಆಮೇಲೆ ಒಂದು ಕಗ್ಗತ್ತಲ ರಾತ್ರಿ ಗಂಟೆ ಅಲುಗಿತು. ಟಾರ್ಚ್ ಒತ್ತಿ ಗುಂಡು ಹೊಡೆದರು. ಅಷ್ಟರಲ್ಲಿ ಟಾರ್ಚೂ ಆರಿಹೋಯಿತು. ಬೆಳಗಾಗುವವರೆಗೆ ಏನಾಯಿತು ಅಂತ ಗೊತ್ತಿಲ್ಲ. 1926ರ ಮೇ 2ರ ಬೆಳಗ್ಗೆ ಇಳಿದು ನೋಡಿದರೆ ಗುಂಡಿಯೊಂದರಲ್ಲಿ ಮುದಿ ಚಿರತೆ ಸತ್ತು ಬಿದ್ದಿತ್ತು. ಎಂಟು ವರ್ಷ ಒಂದು ಸೀಮೆಯನ್ನೇ ನಡುಗಿಸಿದ್ದ ಪ್ರಾಣಿ. ಅದನ್ನ ನೋಡಿ ಅವರಿಗೆ ಸಿಟ್ಟು ಬರಲಿಲ್ಲ, ಮರುಕ ಹುಟ್ಟಿತು. ಬದುಕೋಕೆ ಅಂತ ಕೊಂದ ಪ್ರಾಣಿಯನ್ನ ದೆವ್ವ ಅಂತ ಕರೆಯೋದು ಅವರಿಗೆ ಒಪ್ಪಿಗೆ ಇರಲಿಲ್ಲ.

ತಪ್ಪಿದ ಗುರಿ

ಕಾರ್ಬೆಟ್‌ರನ್ನ ದೇವರು ಮಾಡೋ ಆಸೆ ನಮಗಿಲ್ಲ. ನರಭಕ್ಷಕ ಹೌದು ಅಂತ ಖಾತ್ರಿ ಆಗದೆ ಹೊಡೆಯಬಾರದು ಅನ್ನೋ ನಿಯಮ ಇಟ್ಟುಕೊಂಡಿದ್ದವರೇ 1929ರಲ್ಲಿ ಚೌಗಢದಲ್ಲಿ ಎಡವಿದರು. ಅಲ್ಲಿ ಇದ್ದದ್ದು ತಾಯಿ ಹುಲಿ ಮತ್ತು ಬೆಳೆದ ಮರಿ. ತಾಯಿ ಅಂದುಕೊಂಡು ಹೊಡೆದದ್ದು ಮರಿಗೆ. ತಾಯಿ ಉಳಿದುಕೊಂಡು ಮುಂದಿನ ವರ್ಷದವರೆಗೆ ಜನರನ್ನ ಕೊಲ್ಲುತ್ತಲೇ ಹೋಯಿತು. ತಪ್ಪು ಪ್ರಾಣಿಯನ್ನ ಕೊಂದರೆ ಏನಾಗುತ್ತೆ ಅನ್ನೋದನ್ನ ಅವರು ಹೀಗೆ ಕಲಿಯಬೇಕಾಯಿತು. 1930ರ ಏಪ್ರಿಲ್‌ನಲ್ಲಿ ಆ ತಾಯಿಯನ್ನ ಎದುರಾದಾಗ ಅವರ ಎಡಗೈಯಲ್ಲಿ ದಾರಿಯಲ್ಲಿ ಸಿಕ್ಕಿದ ಹಕ್ಕಿಯ ಎರಡು ಮೊಟ್ಟೆ ಇದ್ದವು. ಒಂದೇ ಕೈಯಲ್ಲಿ ರೈಫಲ್ ನಿಧಾನಕ್ಕೆ ತಿರುಗಿಸಿ ಹೊಡೆದರು. ಆಮೇಲೆ ಮೊಟ್ಟೆಗಳನ್ನ ಗೂಡಿಗೆ ವಾಪಸ್ ಇಟ್ಟು ಬಂದರು.

ಅದೇ 1930ರಲ್ಲಿ ಪೊವಲ್‌ಗಢದ ಹೆಸರಾಂತ ಗಂಡು ಹುಲಿಯನ್ನ ಕೊಂದಿದ್ದೂ ಇವರೇ. ಅದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಅದರ ಗಾತ್ರವೇ ಅದಕ್ಕೆ ಮುಳುವಾಯಿತು. ಶಿಕಾರಿಯ ಹುಚ್ಚು ಕಾರ್ಬೆಟ್‌ರಿಂದ ಒಂದೇ ದಿನದಲ್ಲಿ ಇಳಿದು ಹೋಗಲಿಲ್ಲ. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಕಾಡುದಾರಿಯಲ್ಲಿ ತಂತಿ ಕಟ್ಟಿ, ಹುಲಿ ತಾನೇ ತುಳಿದು ತನ್ನ ಫೋಟೋ ತೆಗೆದುಕೊಳ್ಳುವ ಹಾಗೆ ಕ್ಯಾಮೆರಾ ಹೂಡಿ ತೆಗೆದ ಚಿತ್ರಗಳು ಅವರನ್ನ ಸೆಳೆದವು. ಇವತ್ತಿನ ಕ್ಯಾಮೆರಾ ಟ್ರ್ಯಾಪಿಗೆ ಅದೇ ಅಜ್ಜ. ಕಾರ್ಬೆಟ್ ರೈಫಲ್ ಜೊತೆಗೆ ಸಿನಿ ಕ್ಯಾಮೆರಾ ಹಿಡಿದರು. ಶಾಲೆಗಳಿಗೆ ಹೋಗಿ ಹಕ್ಕಿ, ಪ್ರಾಣಿಗಳ ಕೂಗು ಅನುಕರಿಸಿ ಮಕ್ಕಳಿಗೆ ಕಾಡಿನ ಪಾಠ ಹೇಳಿದರು. 1936ರಲ್ಲಿ ಸಂಯುಕ್ತ ಪ್ರಾಂತ್ಯದ ಗವರ್ನರ್ ಮಾಲ್ಕಂ ಹೇಲಿ ಹೆಸರಿನಲ್ಲಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಆದಾಗ ಅದರ ಹಿಂದೆ ಇವರ ಓಡಾಟವೂ ಇತ್ತು. 1938ರಲ್ಲಿ, 63ರ ವಯಸ್ಸಿನಲ್ಲಿ, ಥಾಕ್ ಹಳ್ಳಿಯ ಹೆಣ್ಣು ಹುಲಿಯೇ ಅವರ ಕೊನೆಯ ನರಭಕ್ಷಕ. ಅದರ ಮೈಯಲ್ಲೂ ಹಳೇ ಗುಂಡಿನ ಗಾಯ.

ಈಗ ಗೋಡೆಯ ಕತೆ

ನರಭಕ್ಷಕಗಳ ಕತೆ ಲೋಕಕ್ಕೆಲ್ಲ ಗೊತ್ತು. ಗೋಡೆಯ ಕತೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 1915ರಲ್ಲಿ ಕಾರ್ಬೆಟ್ ಕಾಲಾಢುಂಗಿಯ ಪಕ್ಕ 221 ಎಕರೆ ಜಮೀನು ಕೊಂಡರು. ಛೋಟಿ ಹಲ್ದ್ವಾನಿ ಅಂತ ಆ ಹಳ್ಳಿಯ ಹೆಸರು. ಸುಮಾರು ನಲವತ್ತು ಗೇಣಿ ಒಕ್ಕಲಿನ ಸಂಸಾರಗಳು ಅಲ್ಲಿ ನೆಲೆಸಿದವು. ಮೂರೂ ಕಡೆ ಕಾಡು ಒತ್ತಿಕೊಂಡಿದ್ದ ಊರು. ಬಿತ್ತಿದ್ದನ್ನೆಲ್ಲ ಕಾಡುಹಂದಿ, ಜಿಂಕೆ, ಮುಳ್ಳುಹಂದಿ ಬಂದು ಮುಗಿಸುತ್ತಿದ್ದವು. ರೈತರು ಮುಳ್ಳುಬೇಲಿ ಹಾಕಿದರು. ಮುಳ್ಳುಬೇಲಿಯ ಕತೆ ನಿಮಗೆ ಗೊತ್ತೇ ಇದೆ. ಒಂದು ಮಳೆಗಾಲ ಕಳೆದರೆ ಕೊಳೆತು ಬೀಳುತ್ತೆ, ಮತ್ತೆ ಕಡಿದು ಕಟ್ಟಬೇಕು. ಕಡಿದಷ್ಟೂ ಕಾಡು ಹಾಳು. ರಾತ್ರಿಯೆಲ್ಲಾ ಕಾವಲು ಅಟ್ಟಣೆಯಲ್ಲಿ ತಗಡು ಬಡಿದು ಎಚ್ಚರ ಇದ್ದವರು ಬೆಳಗ್ಗೆ ಉಳುಮೆ ಮಾಡೋದು ಹೇಗೆ?

ಕಾರ್ಬೆಟ್ ಕೈಯಲ್ಲಿ ರೈಫಲ್ ಇತ್ತು, ಇಡೀ ಕುಮಾವೂನಿನಲ್ಲಿ ಅವರಿಗಿಂತ ಒಳ್ಳೇ ಗುರಿಕಾರ ಇರಲಿಲ್ಲ. ಹಂದಿಗಳನ್ನ ಹೊಡೆದು ಹಾಕ್ತಾ ಹೋಗಬಹುದಿತ್ತು. ಆದರೆ ಕಾಡು ಅಲ್ಲೇ ಇರುವವರೆಗೆ ಒಂದು ಹಂದಿಯ ಜಾಗಕ್ಕೆ ಇನ್ನೊಂದು ಬರುತ್ತೆ. ಅದಕ್ಕೇ ಅವರು ಊರಿನ ಸುತ್ತ ಕಲ್ಲಿನ ಗೋಡೆ ಕಟ್ಟಿಸೋಕೆ ಹೊರಟರು. ಆಳೆತ್ತರದ, ಮೈಲಿಗಟ್ಟಲೆ ಉದ್ದದ ಗೋಡೆ. ಮುಗಿಯೋಕೆ ಹತ್ತು ವರ್ಷ ಹಿಡಿಯಿತು, 1925ಕ್ಕೆ ಪೂರ್ತಿ ಆಯಿತು. ಗೋಡೆ ಎದ್ದ ಮೇಲೆ ಪೈರು ಕಣಕ್ಕೆ ಬಂತು, ಜನ ರಾತ್ರಿ ನಿದ್ದೆ ಮಾಡಿದರು.

ಲೆಕ್ಕ ಹಾಕಿ ನೋಡಿ. ಚಂಪಾವತ್‌ನ ಹುಲಿಯ ಬೇಟೆ ಕೆಲವೇ ದಿನದ ಕೆಲಸ. ಗೋಡೆ ಹತ್ತು ವರ್ಷದ ಕೆಲಸ. ಬೇಟೆಯ ಕತೆ ಜಗತ್ತಿನ ಎಷ್ಟೋ ಭಾಷೆಗೆ ಹೋಯಿತು, ಗೋಡೆಯ ಬಗ್ಗೆ ಯಾರೂ ಸಿನಿಮಾ ಮಾಡಲಿಲ್ಲ. ಆದರೆ ಹೊಲದಲ್ಲಿ ಕೆಲಸ ಮಾಡುವವನಿಗೆ ಪ್ರತಿ ರಾತ್ರಿ ಬೇಕಾದದ್ದು ಗೋಡೆ. ಪ್ರಾಣಿ ಕೆಟ್ಟದ್ದಲ್ಲ, ಹೊಲ ಅದರ ದಾರಿಯಲ್ಲಿದೆ ಅಂತ ಒಪ್ಪಿಕೊಂಡರೆ ಮಾತ್ರ ಗೋಡೆ ಕಟ್ಟೋ ಬುದ್ಧಿ ಬರುತ್ತೆ.

ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಕಾಡಿನಲ್ಲಿ ಬದುಕುವ ವಿದ್ಯೆ ಕಲಿಸಿ ಆರೋಗ್ಯ ಕೆಡಿಸಿಕೊಂಡರು. 1944ರಲ್ಲಿ ಕುಮಾವೂನಿನ ನರಭಕ್ಷಕಗಳ ಬಗೆಗಿನ ಮೊದಲ ಪುಸ್ತಕ ಬಂದು ಲೋಕಪ್ರಸಿದ್ಧ ಆಯಿತು. ಅದರ ಮೊದಲ ಆದಾಯ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಹೋಯಿತು. 1947ರ ಕೊನೆಯಲ್ಲಿ ಅಕ್ಕ ಮ್ಯಾಗಿ ಜೊತೆ ಕೀನ್ಯಾಕ್ಕೆ ಹೊರಟುಹೋದರು. ಛೋಟಿ ಹಲ್ದ್ವಾನಿಯ ಜಮೀನನ್ನ ಅಲ್ಲಿನ ಒಕ್ಕಲುಗಳಿಗೇ ಬಿಟ್ಟುಕೊಟ್ಟರು. ದೇಶ ಬಿಟ್ಟ ಮೇಲೂ ಅದರ ಕಂದಾಯ ತಾವೇ ಕಟ್ಟುತ್ತಿದ್ದರು. 1955ರ ಏಪ್ರಿಲ್ 19ರಂದು ಕೀನ್ಯಾದ ನ್ಯೇರಿಯಲ್ಲಿ ತೀರಿಕೊಂಡರು. ಹೇಲಿ ಉದ್ಯಾನಕ್ಕೆ ಆಮೇಲೆ ಕಾರ್ಬೆಟ್ ಹೆಸರು ಬಂತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾದದ್ದು ಅಲ್ಲಿಂದಲೇ. ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ನಮ್ಮ ಬಂಡೀಪುರವೂ ಒಂದು.

ನಮ್ಮ ಪಾಲಿಗೆ

ಕಾರ್ಬೆಟ್‌ರ ಗೋಡೆಯನ್ನ ತಂದು ಕೊಡಗಿನಲ್ಲಿ ನಿಲ್ಲಿಸಿದರೆ ಆಗಲ್ಲ. ಹಂದಿ ತಡೆಯೋ ಗೋಡೆ ಆನೆಗೆ ಏನೂ ಅಲ್ಲ. ನಮ್ಮಲ್ಲಿ ಆನೆ ಕಂದಕ ತೋಡಿದ್ದಾರೆ, ಮಳೆಗೆ ಮಣ್ಣು ಕುಸಿದು ತುಂಬಿಕೊಳ್ಳುತ್ತೆ. ಸೋಲಾರ್ ಬೇಲಿ ಹಾಕಿದ್ದಾರೆ, ಗಿಡಬಳ್ಳಿ ತಾಗಿದರೆ ಕರೆಂಟು ಸೋರಿ ಹೋಗುತ್ತೆ. ಆನೆಯೂ ಬುದ್ಧಿವಂತ ಪ್ರಾಣಿ, ಒಣಮರ ಬೀಳಿಸಿ ತಂತಿ ತುಳಿಯುತ್ತೆ. ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ಹಳೇ ರೈಲು ಹಳಿಗಳ ಬೇಲಿ ಬಂದಿದೆ, ಗಟ್ಟಿಯಾಗಿಯೂ ಇದೆ. ಆದರೆ ಅದನ್ನ ದಾಟೋಕೆ ಹೋಗಿ ಸಿಕ್ಕಿಕೊಂಡು ಆನೆ ಸತ್ತದ್ದೂ ಇದೆ. ಬೇಲಿ ಇಲ್ಲಿ ಮುಗಿದರೆ ಆನೆ ಮುಂದಿನ ಊರಿಗೆ ನುಗ್ಗುತ್ತೆ. ಆನೆ ದಾರಿಗೇ ಅಡ್ಡ ಬೇಲಿ ಹಾಕಿದರೆ ಅದು ಹೋಗಬೇಕಾದ ಕಾಡು ತಪ್ಪಿ ಇನ್ನೆಲ್ಲೋ ಅಲೆಯುತ್ತೆ. ಅಂದರೆ ಎಲ್ಲಿ ತಡೆಯಬೇಕು, ಎಲ್ಲಿ ದಾರಿ ಬಿಡಬೇಕು ಅನ್ನೋದೇ ಮೊದಲ ಪ್ರಶ್ನೆ. ಎಷ್ಟು ಎತ್ತರ, ಎಷ್ಟು ವೋಲ್ಟ್ ಅನ್ನೋದೆಲ್ಲ ಆಮೇಲಿನ ಮಾತು.

ಕಾರ್ಬೆಟ್‌ರ ಬದುಕಿನಿಂದ ನಾವು ತಗೋಬಹುದಾದದ್ದು ಅವರ ಕೆಲಸದ ಕ್ರಮ. ಮೊದಲು ತೊಂದರೆ ಅನುಭವಿಸಿದವರ ಜಗಲಿಯಲ್ಲಿ ಕೂತು ಅವರ ಭಾಷೆಯಲ್ಲಿ ಕೇಳೋದು. ನಕ್ಷೆ ಹಾಕೋದು. ಯಾವ ಪ್ರಾಣಿ ಅಂತ ಖಾತ್ರಿ ಮಾಡಿಕೊಳ್ಳೋದು. ಕೈ ಇಟ್ಟ ಮೇಲೆ ಹೊಸ ಗಾಯ ಮಾಡದೆ ಇರೋದು. ಆಮೇಲೆ, ಕಾರಣ ಹುಡುಕಿ ಬರೆದಿಡೋದು. ಕೊನೆಗೆ, ವರ್ಷಗಟ್ಟಲೆ ಹಿಡಿದರೂ ಊರವರ ಜೊತೆ ನಿಂತು ಗೋಡೆ ಮುಗಿಸೋದು.

ನಮ್ಮ ಕಾಲೇಜುಗಳಲ್ಲಿ ಪ್ರತಿ ವರ್ಷ ಆನೆ ಬಂದರೆ ಅಲಾರಾಂ ಹೊಡೆಯೋ ಒಂದು ಪ್ರಾಜೆಕ್ಟ್ ಇದ್ದೇ ಇರುತ್ತೆ. ಸೆನ್ಸರ್, ಬೋರ್ಡು, ಮೊಬೈಲಿಗೆ ಮೆಸೇಜು, ಡೆಮೋ ದಿನ ಥರ್ಮೋಕೋಲ್ ಆನೆ. ಮಾರ್ಕ್ಸ್ ಬಂದ ಮೇಲೆ ಅದು ಡಿಪಾರ್ಟ್‌ಮೆಂಟಿನ ಬೀರುವಿನಲ್ಲಿ ಧೂಳು ಹಿಡಿಯುತ್ತೆ. ಈ ವರ್ಷ ಅಂಥ ಪ್ರಾಜೆಕ್ಟ್ ತಗೊಳ್ಳೋ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ಕೋಡ್ ಬರೆಯೋ ಮೊದಲು ಆಲೂರಿನ ಕಡೆಗೋ, ಗುಂಡ್ಲುಪೇಟೆಯ ಕಡೆಗೋ ಬಸ್ಸು ಹತ್ತಿ ಹೋಗಿ ಒಂದು ರಾತ್ರಿ ಕಾವಲಿನವರ ಜೊತೆ ಕೂತು ಬನ್ನಿ. ಮಳೆಯಲ್ಲಿ ನಿಮ್ಮ ಸೆನ್ಸರ್ ಎಷ್ಟು ದಿನ ಬದುಕುತ್ತೆ, ನೆಟ್‌ವರ್ಕ್ ಇಲ್ಲದ ಕಡೆ ಮೆಸೇಜು ಯಾರಿಗೆ ಮುಟ್ಟುತ್ತೆ, ಬ್ಯಾಟರಿ ಸತ್ತರೆ ಬದಲಾಯಿಸೋರು ಯಾರು ಅಂತ ಅವರೇ ನಿಮ್ಮನ್ನ ಕೇಳ್ತಾರೆ. ಆ ಪ್ರಶ್ನೆಗಳನ್ನ ಬರೆದುಕೊಂಡು ಬನ್ನಿ. ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟಕ್ಕೆ ಅವೇ ಸಾಕು.